ಹನ್ನೊಂದು ನಿಮಿಷ

ಕ್ಲಾಕ್ಸ್‌ವೀಕ್ ಬಂದರಿನ ದೋಣಿ ವೇಳಾಪಟ್ಟಿಯ ಕೋಡಿನಲ್ಲಿ
ಒಂದು ಸಾಲು ಸಿಕ್ಕಿತು:
ಗುರುವಾರ ಸಂಜೆಗೆ ಹನ್ನೊಂದು ನಿಮಿಷ ಕೂಡು.
ಯಾಕೆ ಅಂತ ಎಲ್ಲೂ ಇಲ್ಲ.

ಇತಿಹಾಸ ಕೆದಕಿದೆ. ಏಳು ವರ್ಷದ ಹಿಂದಿನ ಕಮಿಟ್,
ತ್ರೋಂದುರ್ ಬರೆದದ್ದು ಒಂದೇ ಪದ: "ಸರಿಮಾಡಿದೆ."
ಅದರ ಮೇಲೆ "ಮತ್ತೆ ಸರಿಮಾಡಿದೆ."
ಅದರ ಮೇಲೆ "ಈಗ ನಿಜವಾಗಿ."
ಆಮೇಲೆ ಬರೀ ಕಕಕಕಕ,
ಕೀಲಿಮಣೆಗೆ ಹಣೆಯಿಟ್ಟು ನಿದ್ದೆಹೋದವನ ರುಜು.

ನನಗೋ ನಿಯಮದ ಹುಚ್ಚು. ಕಾಫಿ ಯಂತ್ರದ ಮೇಲೆ ಅಂಟಿಸಿದ್ದೆ:
ಮೊದಲ ಸಾಲು ಐವತ್ತು ಅಕ್ಷರ ಮೀರದಿರಲಿ,
ಕ್ರಿಯಾಪದ ಅಪ್ಪಣೆ ಕೊಡಲಿ: ಸೇರಿಸು, ತೆಗೆ, ತಿದ್ದು.
"ತಿದ್ದಲಾಗಿದೆ" ಬೇಡವೇ ಬೇಡ,
ಆ "ಲಾಗಿದೆ"ಯ ಬೆನ್ನ ಹಿಂದೆ
ಯಾವನೋ ಒಬ್ಬ ಅವಿತು ಕೂತಿರುತ್ತಾನೆ.
ಕೊನೆಗೆ ಚುಕ್ಕಿ ಇಡಬಾರದು.
ರೊಗ್ವಿ ನಕ್ಕ: "ಇಟ್ಟರೆ ದೋಣಿ ಮುಳುಗುತ್ತದೇನು?"

ಆ ಸಾಲನ್ನು ಅಳಿಸಿ ಬರೆದೆ:
ಗುರುವಾರದ ಅನಗತ್ಯ ತಡ ತೆಗೆ
ಹದಿಮೂರೇ ಅಕ್ಷರ. ಚುಕ್ಕಿಯಿಲ್ಲ.
ಮಾದರಿಯೆಂದು ಎಲ್ಲರಿಗೂ ತೋರಿಸಿದೆ.

ಗುರುವಾರ ಸಂಜೆ ಧಕ್ಕೆಯಿಂದ ಫೋನು. ಸುನ್ವೋರ್,
ಮೂವತ್ತು ವರ್ಷ ಹಗ್ಗ ಕಟ್ಟಿ ಬಿಚ್ಚಿದವಳು,
ಹಲೋ ಕೂಡ ಅನ್ನಲಿಲ್ಲ.
"ಈಜು ಕಲಿಯುವ ಮಕ್ಕಳು ಇಲ್ಲೇ ಉಳಿದರು.
ಏಳು ತಲೆ. ನಾಲ್ಕು ಒದ್ದೆ.
ನಿನ್ನ ದೋಣಿ ಅದೋ, ಕಾಲ್‌ಸೋಯ್ ಕಡೆ
ಸಮಯಕ್ಕೆ ಸರಿಯಾಗಿ ಹೋಗುತ್ತಿದೆ."

ತ್ರೋಂದುರ್ ಈಗ ಸಾಲ್ಮನ್ ಸಾಕುವ ಕೊಲ್ಲಿಯಲ್ಲಿದ್ದಾನೆ.
ಗಾಳಿಯ ನಡುವೆ ಕೂಗಿ ಹೇಳಿದ:
"ಓ, ಅದಾ? ಕೊಳದಲ್ಲಿ ಕೂದಲು ಒಣಗಿಸುವ ಯಂತ್ರ ಎರಡೇ ಅಲ್ವಾ.
ಆಗ ಎಲ್ಲರಿಗೂ ಗೊತ್ತಿತ್ತು."

ಎಲ್ಲರೂ ಅಂದರೆ ಮೂರು ಜನ.
ಒಬ್ಬಳು ನಿವೃತ್ತಳು, ಒಬ್ಬ ಮೀನಿನ ಜೊತೆ,
ಮೂರನೆಯವಳು ಧಕ್ಕೆಯ ಮೇಲೆ
ತನ್ನ ಉಣ್ಣೆಯ ಶಾಲಿನಲ್ಲಿ
ಯಾರದೋ ಮಗುವಿನ ಕಿವಿ ಒರೆಸುತ್ತಿದ್ದಳು.

ಮಕ್ಕಳನ್ನು ಮುಂದಿನ ದೋಣಿ ಕರೆದೊಯ್ದ ಮೇಲೆ
ಕಿಟಕಿಗೆ ಉಪ್ಪು ಹೆಪ್ಪುಗಟ್ಟುವ ಹೊತ್ತು
ತುಂಬಾ ಸಲ ಅಳಿಸಿ, ತುಂಬಾ ಸಲ ಬರೆದೆ.
ಮೊದಲ ಸಾಲು ನಿಯಮದಂತೆ. ಒಂದು ಸಾಲು ಖಾಲಿ. ಆಮೇಲೆ ಉಳಿದದ್ದು:

ಗುರುವಾರದ ಹನ್ನೊಂದು ನಿಮಿಷ ಮರಳಿಸು

ಈಜುಕೊಳದಲ್ಲಿ ಡ್ರೈಯರು ಎರಡು, ಮಕ್ಕಳು ಏಳು.
ಹುಡುಗಿಯರಲ್ಲಿ ಇಬ್ಬರಿಗೆ ಉದ್ದ ಜಡೆ.
ಕಡಲ ಗಾಳಿಗೆ ಒದ್ದೆ ತಲೆ ಆಗದು.
ತಪ್ಪಿ ತೆಗೆದವಳು ನಾನು, ಮರಿಯುನ್.
ಮೂರನೆಯ ಡ್ರೈಯರು ಬಂದರೆ ಇದನ್ನು ಅಳಿಸಬಹುದು.
ಮೊದಲು ಸುನ್ವೋರಳನ್ನು ಕೇಳು.