ಮೃದಂಗದ ಎಡಗೈ

ಹಾಲ್ ಇವರದು, ಹಾಲು ನನ್ನದು.
ಭಾಂಡೂಪಿನ ಈ ಮೂರನೇ ಮಹಡಿಗೆ ಬಂದಂದಿನಿಂದ
ಹೀಗೇ ಪಾಲಾಗಿದೆ ಮನೆ.
ಅಲ್ಲಿ ಎದೆಯೆತ್ತರದ ಎರಡು ಸ್ಪೀಕರು,
ನಡುವೆ ಯಜಮಾನನಂತೆ ಕೂತ ಆಂಪ್ಲಿಫೈಯರು.
ಇಲ್ಲಿ, ಉಕ್ಕದಂತೆ ಕಾಯುವ ನಾನು.

ಆಂಪ್ಲಿಫೈಯರಿನ ಮೂತಿಯಲ್ಲೊಂದು ಗುಂಡಿ: ಝೋನ್ ಟು.
ಅದನ್ನೊತ್ತಿದರೆ ಪಾತ್ರೆ ಸ್ಟ್ಯಾಂಡಿನ ಮೇಲೆ
ಬೆಲ್ಲದಚ್ಚಿನಷ್ಟಗಲದ ಎರಡು ಡಬ್ಬಿ ಹಾಡುತ್ತವೆ.
ಹತ್ತು ವರ್ಷ ಹಾಡಿದವು.
ಒಗ್ಗರಣೆಗೂ ಕುಕ್ಕರಿನ ಸೀಟಿಗೂ ನಡುವೆ
ನಾನೂ ಕೇಳಿದೆ.

ಒಂದು ಸಂಜೆ, ಉಪ್ಪು ಸರಿಯಿದೆಯೇ ನೋಡಿ ಎನ್ನಲು
ಸೌಟು ಹಿಡಿದು ಆಚೆ ಹೋದೆ.
ತನಿ ನಡೆಯುತ್ತಿತ್ತು.
ಅಲ್ಲಿ ಮೃದಂಗಕ್ಕೆ ಎರಡು ಕೈ!
ಬಾಗಿಲು ದಾಟಿ ಒಳಬಂದರೆ ಒಂದೇ.
ಬಲಗೈ ಚಟಪಟ, ಸಾಸಿವೆಯ ಹಾಗೆ.
ಎಡಗೈ ಹೊಸ್ತಿಲಾಚೆಯೇ ನಿಂತುಬಿಟ್ಟಿದೆ,
ಕರೆಯದೆ ಬರಲಾರದ ಬೀಗರ ಹಾಗೆ.

"ಹತ್ತು ವರ್ಷ ಅರ್ಧ ಮೃದಂಗ ಕೇಳಿಸಿದ್ದೀರಿ ನನಗೆ" ಎಂದೆ.
ಇವರ ಮುಖ ನೋಡಬೇಕಿತ್ತು.
ಸಾರಿಗೆ ಉಪ್ಪೇ ಇಲ್ಲದಿದ್ದಾಗಲೂ
ಅಷ್ಟು ಪೆಚ್ಚಾದವರಲ್ಲ.

ಶನಿವಾರ ಲ್ಯಾಮಿಂಗ್ಟನ್ ರೋಡಿನಿಂದ
ಟ್ಯಾಕ್ಸಿಯಲ್ಲಿ, ಇವರ ತೊಡೆಯ ಮೇಲೆ ಕೂತು
ಬಂತೊಂದು ಕಪ್ಪು ಪೆಟ್ಟಿಗೆ.
ಹತ್ತು ಇಂಚಿನ ಬಾಯಿ, ಆದರೂ ನೆಲ ನೋಡುವ ನಾಚಿಕೆ.
ಟಾರ್ಚು ಹಿಡಿದು ಆಂಪ್ಲಿಫೈಯರಿನ ಬೆನ್ನು ಹುಡುಕಿದರೆ
ಮೊದಲನೇ ಝೋನಿಗೆ ಸಬ್‌ವೂಫರಿನದೇ ತೂತಿದೆ,
ಎರಡನೆಯದಕ್ಕೆ ಇಲ್ಲ. ಎಡ, ಬಲ, ಅಷ್ಟೇ.
"ಅಡುಗೆಮನೆಗೆ ಇಷ್ಟು ಸಾಕು ಅಂದುಕೊಂಡಿದ್ದಾರೆ"
ಎಂದು ಕಂಪನಿಯವರನ್ನು ಬೈದರು ಇವರು.
ನಾನು ಮಾತಾಡಲಿಲ್ಲ.
ಕೊತ್ತಂಬರಿ ಸೋಸುತ್ತಿದ್ದೆ.

ಆಮೇಲೆ ದಾರಿ ಹೊಳೆಯಿತು:
ಸ್ಪೀಕರಿನ ತಂತಿ ಮೊದಲು ಪೆಟ್ಟಿಗೆಗೇ ಹೋಗಲಿ,
ಮಂದ್ರವನ್ನು ಅದು ಬಡಿಸಿಕೊಂಡು
ಮಿಕ್ಕಿದ್ದನ್ನು ಡಬ್ಬಿಗಳಿಗೆ ದಾಟಿಸಲಿ.

ಸರಿ, ಎಲ್ಲಿಡುವುದು?
ನಾನು ನಿಲ್ಲುವಲ್ಲಿ, ಒಲೆಯೆದುರು, ಪೆಟ್ಟಿಗೆಯನ್ನು ನಿಲ್ಲಿಸಿ
ಇವರು ನೆಲಕ್ಕಿಳಿದರು.
ಐವತ್ತೊಂಬತ್ತು ವಯಸ್ಸು, ಬನಿಯನ್ನು, ಲುಂಗಿ,
ಅಂಬೆಗಾಲು.
ಈರುಳ್ಳಿ ಬುಟ್ಟಿಯ ಹತ್ತಿರ ಕಿವಿ: "ಇಲ್ಲಿ ಬರೀ ಗುಂಯ್."
ಸಿಲಿಂಡರಿನ ಹತ್ತಿರ: "ಇಲ್ಲಿ ಸತ್ತೇಹೋಗಿದೆ."
ಸಿಂಕಿನಡಿ, ಒಂದು ಜಿರಲೆಯ ಎದುರಾ ಎದುರು:
"ಪರವಾಗಿಲ್ಲ, ಆದರೆ..."
ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ
ಎಲ್ಲಿ ಜಿಡ್ಡು, ಎಲ್ಲಿ ತಂಪು, ಯಾವ ಟೈಲು ಟೊಳ್ಳು
ಇವರ ಮಂಡಿಗಳಿಗೆ ಪರಿಚಯವಾಯಿತು.

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ:
ಅಕ್ಕಿ ಡ್ರಮ್ಮಿನ ಪಕ್ಕ, ಗೋಡೆಯಿಂದ ಒಂದು ಗೇಣು.
ಠಾಣೆಯ ಸ್ಲೋ ಗಾಡಿ ಹೋಗುವುದು
ನನ್ನ ಪಾದಕ್ಕೆ ಮೊದಲು ಗೊತ್ತಾಗುವುದು ಅಲ್ಲೇ.
ಮುಕ್ಕಾಲು ಗಂಟೆ ತೆವಳಿ
ಇವರೂ ಬಂದು ನಿಂತದ್ದು ಅಲ್ಲಿಗೇ.
"ಇದೇ ಜಾಗ!"
ಕಂಡುಹಿಡಿದವರ ಸಂಭ್ರಮ ಕೆಡಿಸಬಾರದು.

ಮೊದಲ ಪೆಟ್ಟಿಗೆ ಮೆಂತ್ಯದ ಡಬ್ಬಿ ನಡುಗಿತು.
ಮುಚ್ಚಳದಡಿ ಹಳೇ ಸೀರೆಯ ತುಂಡು ತುರುಕಿದೆ.
ಎರಡನೇ ಪೆಟ್ಟು ಹಿಮ್ಮಡಿಯಿಂದ ಏರಿ
ಬಳೆಯವರೆಗೆ ಬಂತು.
ಅಬ್ಬ, ಬಂದಿಯಾ, ಎಂದೆ.
ಯಾರಿಗೆ ಎಂದೆನೋ.

ಮೂರನೇ ರಾತ್ರಿ ಕೆಳಗಿನ ಮನೆಯ ಸುಲಭಾತಾಯಿ
ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.
"ಅಹೋ, ಹತ್ತು ಗಂಟೆಗೆ ಯಾವ ಮಸಾಲೆ ಕುಟ್ಟುತ್ತೀರಿ?"
ಇವರು ಹಾಲಿನ ಕಡೆ ಜಾರಿಕೊಂಡರು.
ನನಗೆ ಥಟ್ಟನೆ ಅರ್ಥವಾಯಿತು:
ಛಾವಣಿ ತೂರಿ ಅವರಿಗೆ ಸಿಗುತ್ತಿರುವುದು
ಬರೀ ಎಡಗೈ.
ಹತ್ತು ವರ್ಷದ ನನ್ನ ಕಷ್ಟ, ತಲೆಕೆಳಗಾಗಿ.

"ಇನ್ನೊಂದು ಕೈ ಇಲ್ಲಿದೆ, ಬನ್ನಿ" ಎಂದು
ಡ್ರಮ್ಮಿನ ಪಕ್ಕ ಬರಿಗಾಲಲ್ಲಿ ನಿಲ್ಲಿಸಿದೆ.
ಬಾಗಿಲಲ್ಲಿ ಇಣುಕಿದ ಇವರು,
ಬೈಯಲು ಬಂದು ಬೈಗುಳ ಮರೆತ ಅವರು, ನಾನು.
ಹಳಿಯ ಮೇಲೆ ಗಾಡಿಯೊಂದು ಹೋಯಿತು.
ತನಿ ಮುಗಿಯುವಷ್ಟರಲ್ಲಿ ಹಾಲು ಉಕ್ಕಿ
ಒಲೆಯಿಂದ ನೆಲಕ್ಕೆ ಇಳಿದಿತ್ತು.

ಬಟ್ಟೆ ತಗೊಂಡು ಇವರೇ ಬಗ್ಗಿದರು.
ನೆಲದ ಗುರುತು ಈಗ ಇದೆಯಲ್ಲ.