ಮೂರನೇ ಡ್ರೈವ್, ಕೂಡ್ಲೂರು

ಸುಟ್ಟ ವಾಸನೆಯಿಲ್ಲ. ಮೋಟಾರು ತಣ್ಣಗಿದೆ.
ಪುಟ್ಟ ಪರದೆಯಲ್ಲಿ ಒಂದೇ ಸಾಲು:
ಸಂಪರ್ಕ ಕಡಿದಿದೆ.

ಹಲ್ಲರ್ ನಿಂತು ಮುಕ್ಕಾಲು ಗಂಟೆ.
ಚೆರ್ರಿ ತುಂಬಿದ ಲಾರಿ ಗೇಟಿನಾಚೆ;
ಬೀಜ ಆರಿಸುವ ಹೆಂಗಸರು ಮೊರ ಮಗುಚಿಟ್ಟು
ಎಲೆಯಡಿಕೆ ಬಿಚ್ಚಿದ್ದಾರೆ.
ಮ್ಯಾನೇಜರು ಮೂರು ಸಲ ಬಂದು ಕೇಳಿದರು,
ನಾಲ್ಕನೆಯ ಸಲ ಬರೀ ಕೆಮ್ಮಿದರು.

ಕನೆಕ್ಟರ್ ಬಿಚ್ಚಿ ಹಾಕಿದೆ. ವಿಳಾಸ ನೋಡಿದೆ.
ಕೊನೆಯ ರೆಸಿಸ್ಟರ್ ಬಿಡಿಸಿ ಅಳೆದೆ:
ನೂರಿಪ್ಪತ್ತು ಓಮ್, ತಪ್ಪಿಲ್ಲ.
ಮತ್ತೆ ಚಾಲೂ.
ಹನ್ನೊಂದು ನಿಮಿಷ ಓಡಿ ಮತ್ತೆ ಮುನಿಯಿತು.

"ಡ್ರೈಯರ್ ಫ್ಯಾನು ಹತ್ತಿದಾಗೆಲ್ಲ ಹೀಗೇ"
ಅಂದ ಬೆಳ್ಯಪ್ಪ.
ಇಪ್ಪತ್ತಾರು ವರ್ಷ ಹಲ್ಲರಿನ ಪಕ್ಕ ನಿಂತು
ಮುಕ್ಕಾಲು ಕಿವಿ ಅದಕ್ಕೇ ಕೊಟ್ಟವನು.
ಅವನಿಗೆ ಫ್ಯಾನು ಕೇಳಿಸುವುದಿಲ್ಲ.
ಕಬ್ಬಿಣದ ಕಂಬಕ್ಕೆ ಅಂಗೈ ಇಟ್ಟಿದ್ದ.

ಟ್ರೇಯ ಮುಚ್ಚಳ ಎತ್ತಿದೆ. ಕಾಫಿ ಹೊಟ್ಟಿನಡಿ
ಫ್ಯಾನಿನ ದಪ್ಪ ಕೇಬಲ್ಲು, ಮಗ್ಗುಲಿಗೇ ಒತ್ತಿಕೊಂಡು
ಪೆನ್ಸಿಲ್ಲಿಗಿಂತ ಸಣ್ಣ, ಮಾತು ಸಾಗಿಸುವ ತಂತಿ.
ಆ ಆರ್ಭಟದ ಪಕ್ಕ ಯಾರ ಪಿಸುಮಾತು ಉಳಿದೀತು?
ಎರಡನ್ನೂ ಒಂದೇ ಟೈಯಲ್ಲಿ ಬಿಗಿದವನು ನಾನೇ,
ಹೋದ ವರ್ಷ,
ಹುತ್ತರಿಯ ಸಂಜೆಗೆ ಮನೆ ಸೇರುವ ಅವಸರದಲ್ಲಿ.

ಬೇರೆ ದಾರಿಯಲ್ಲಿ ತಂತಿ ಎಳೆದೆ,
ಮರೆತಿದ್ದ ಕವಚದ ಜಡೆಯನ್ನು ಅರ್ತಿಗೆ ಸೇರಿಸಿದೆ.
ಫ್ಯಾನು ಹತ್ತಿತು. ಡ್ರೈವ್ ನಿಲ್ಲಲಿಲ್ಲ.

ಬಹಳ ಹೊತ್ತು ಕಂಬದಿಂದ ಕೈ ತೆಗೆಯಲಿಲ್ಲ ಬೆಳ್ಯಪ್ಪ.
"ಯಾವನು ಮಾರಾಯ ಹಾಗೆ ಕಟ್ಟಿದ್ದು?"
ಹಲ್ಲರಿನ ಸದ್ದಿನೊಳಗೆ, ನಾನೇ, ಅಂದೆ.
ಅವನು ಬೀಡಿ ತಡಕುತ್ತಾ ಹೊರಗೆ ಹೋಗಿ
ಲಾರಿಗೆ ಹಿಂದೆ ಬಾ ಎಂದು ಕೈ ಬೀಸಿದ.