ಮೊದಲು ಅಳಿಸಬೇಕು

ಡಬ್ಬಿ ಬಿಚ್ಚಿದಾಗ ಆರು ಇದ್ದವು,
ಅಂಗೈಗಿಂತ ತುಸು ದೊಡ್ಡವು,
ಬೆನ್ನ ಮೇಲೆ ಏಳು ಗುಂಡಿ:
ಮುಂದೆ, ಹಿಂದೆ, ಎಡ, ಬಲ,
ನಿಲ್ಲು, ಹೊರಡು, ಅಳಿಸು.
"ಜೀರುಂಡೆ" ಎಂದ ಉಕು.
"ಅಲ್ಲ, ಬಸ್ಸು" ಎಂದಳು ಸ್ಯಾದೆ.
ಕೈಪಿಡಿ ರೋಬಾಟ್ ಅನ್ನುತ್ತಿತ್ತು.
ಐವತ್ತೊಂಬತ್ತರ ನಾನು ಏನೂ ಅನ್ನಲಿಲ್ಲ.
ಹಿಂದಿನ ರಾತ್ರಿ ಅಡುಗೆಮನೆಯ ನೆಲದಲ್ಲಿ ಕೂತು ಕಲಿತು
ಬೆಕ್ಕಿನ ಬಟ್ಟಲಿಗೆ ಮೂರು ಸಲ ಗುದ್ದಿಸಿ ಬಂದಿದ್ದೆ.

ಹಳೆಯ ಹಾಯಿಬಟ್ಟೆ ಹಾಸಿ ಚೌಕ ಎಳೆದೆವು,
ಒಂದು ಚೌಕಕ್ಕೆ ಅದರ ಒಂದು ಹೆಜ್ಜೆ.
ಹೀಯುಮಾ ದ್ವೀಪ ಪೂರ್ತಿ ಅದರೊಳಗೆ ಹಿಡಿಸಿತು:
ಬಂದರು, ಅಂಗಡಿ, ದೀಪಸ್ತಂಭ,
ಹೆಲ್ಯು ಅಜ್ಜಿಯ ಕುರಿಗಳು,
ಉಳಿದದ್ದೆಲ್ಲ ನೀಲಿ.
ನೀಲಿ ಬಳಪ ತೀರಿ
ಕೊನೆಯ ಸಾಲಿನ ಕಡಲು ನೇರಳೆಯಾಯಿತು.

ಮೊದಲ ಜಗಳ ಎಡಗೈಯದು.
ಲೇಲೊ ತನ್ನ ಎಡಗೈ ನೋಡಿಕೊಂಡೇ ಒತ್ತಿದಳು,
ಅದು ಅಂಗಡಿ ಬಿಟ್ಟು ಕುರಿಗಳ ನಡುವೆ ನುಗ್ಗಿತು.
"ಸುಳ್ಳ!"
ಇಲ್ಲ ಮಗು, ಅದು ನಿನ್ನೆದುರಿಗಿದೆ,
ಎದುರಿಗಿರುವವರ ಎಡ ನಿನ್ನ ಬಲ.
ನಾನು ಹೇಳಿದ್ದು ಗಾಳಿಗೆ ಹೋಯಿತು.
ಕೊನೆಗೆ ತಾನೆಲ್,
ವರ್ಷಕ್ಕೆ ಹತ್ತು ಮಾತು ಆಡುವ ಹುಡುಗ,
ಎದ್ದು, ಬಟ್ಟೆಯ ಸುತ್ತ ಬಳಸಿ ನಡೆದು,
ಅದರ ಬೆನ್ನ ಹಿಂದೆ ಮಲಗಿ
ಗಲ್ಲ ನೆಲಕ್ಕೆ ಹಚ್ಚಿ
ಅದಕ್ಕೆ ಕಂಡಷ್ಟನ್ನೇ ಕಂಡ.
ಕಾಲುಚೀಲದ ಪಾದಗಳೆರಡೂ ಮೆಲ್ಲಗೆ ವಾಲಿದವು.
ಒತ್ತಿದ. ಸರಿಹೋಯಿತು.
ಆಮೇಲೆ ಇಡೀ ತರಗತಿ ಮಲಗಿತು.
ಬಾಗಿಲು ತೆರೆದ ಮುಖ್ಯೋಪಾಧ್ಯಾಯರು
ಹನ್ನೊಂದು ಜೊತೆ ಅಂಗಾಲು ನೋಡಿ, ನನ್ನವೂ ಸೇರಿ,
ಸದ್ದಿಲ್ಲದೆ ಮುಚ್ಚಿಕೊಂಡು ಹೋದರು.

ನೀಲಿಯ ಮೇಲೆ ಹೋಗಬಹುದೇ?
ಮುಳುಗುತ್ತದೆ, ಎಂದರು ಅರ್ಧ ಮಂದಿ.
"ಚಳಿಗಾಲವಾದರೆ ಹೋಗಬಹುದು,
ನಮ್ಮಜ್ಜ ಲಾರಿ ಓಡಿಸಿದ್ದ ಕಡಲ ಮೇಲೆ,
ಬೆಲ್ಟು ಕಟ್ಟದೆ!" ಉಕು ಎದೆಯುಬ್ಬಿಸಿದ.
ಎಲ್ಲರೂ ಕಿಟಕಿಯಾಚೆ ನೋಡಿದರು. ಫೆಬ್ರವರಿ.
ಹೆಪ್ಪು ಹಾಕಲು ಮರೆತ ಹಾಲಿನ ಹಾಗೆ
ಕಡಲು ಇನ್ನೂ ತುಳುಕುತ್ತಿತ್ತು.
ಆ ಮಂಜಿನ ದಾರಿ ಇವರಲ್ಲಿ ಒಬ್ಬರೂ ಕಂಡಿಲ್ಲ.
"ಹಾಗಾದರೆ," ಎಂದಳು ಸ್ಯಾದೆ,
"'ಆದರೆ' ಅನ್ನುವ ಗುಂಡಿ ಎಲ್ಲಿ?"
ಹುಡುಕಿದೆವು, ಹೊಟ್ಟೆ ಮೇಲೆ ಮಾಡಿ ಕೂಡ.
ಇರಲಿಲ್ಲ.

ಊಟವಾದ ಮೇಲೆ ಉಕುವಿನ ಸರದಿ.
ದೀಪಸ್ತಂಭಕ್ಕೆ ಮೂರು ಮುಂದೆ, ಒಂದು ಬಲ, ಎರಡು ಮುಂದೆ,
ಬೆರಳು ಮಡಚಿ ಎಣಿಸಿ, ಮತ್ತೆ ಎಣಿಸಿ,
ಹೊರಡು.
ಅದು ಹೊರಟಿತು, ಬೇರೆ ಯಾರದೋ ದಾರಿ ಹಿಡಿದು:
ಅಂಗಡಿ, ಕುರಿಗಳು,
ಅಲ್ಲಿಂದ ಮುಂದೆ ಉಕು ಎಣಿಸಿದ ಮೂರು,
ನೀಲಿ,
ನೀಲಿ,
"ನಿಲ್ಲೋ! ನಿಲ್ಲೋ!"
ಕಿವಿಯಿಲ್ಲದ್ದಕ್ಕೆ ಕೂಗಿ ಏನು?
ನೇರಳೆ ದಾಟಿ, ಲೋಕದ ಅಂಚು ದಾಟಿ,
ಹೀಟರಿನ ಅಡಿ ಧೂಳಿನಲ್ಲಿ ನಿಂತು
ಟಣ್ ಎಂದು ಹಾಡಿ, ಕಣ್ಣು ಪಿಳಿಪಿಳಿ ಮಿಟುಕಿಸಿತು,
ಹೇಳಿದ್ದಷ್ಟೂ ಮಾಡಿದ್ದೇನೆ ಎನ್ನುವಂತೆ.

ಹೇಳಿದ್ದಷ್ಟೂ ಮಾಡಿತ್ತು.
ಅಳಿಸದಿದ್ದರೆ ಬೆಳಗಿನದೂ ಸೇರಿಯೇ ನಡೆಯುತ್ತದೆ,
ಹೊಸದಕ್ಕೆ ಮೊದಲು ಹಳೆಯದು.
ಮಕ್ಕಳಿಗೆ ಇದನ್ನು ಕರಿಹಲಗೆಯಲ್ಲಿ ಬರೆದೆ.
ಬರೆಯದೆ ಬಿಟ್ಟದ್ದು:
ಹಳೆಯ ಶಾಲೆ ಮುಚ್ಚಿ ನಾಲ್ಕು ವರ್ಷ,
ನನ್ನ ಸೈಕಲ್ಲು ಇಂದಿಗೂ ಗಾಳಿಗಿರಣಿಯ ಬಳಿ ಬಲಕ್ಕೆ ತಿರುಗುತ್ತದೆ.
ಬೀಗದ ಎದುರು ಇಳಿದು,
ಕೈಗವಸು ಕೂಡ ಬಿಚ್ಚಿದ ಮೇಲೆ ನೆನಪಾಗುತ್ತದೆ.

ಗಂಟೆ ಬಾರಿಸಿತು. ಬೂಟು, ಟೋಪಿ, ಗದ್ದಲ.
ತಾನೆಲ್ ಒಂದೊಂದನ್ನೇ ಎತ್ತಿ
ಅಳಿಸುವ ಗುಂಡಿ ಒತ್ತಿ ಡಬ್ಬಿಗಿಟ್ಟ.
ಐದು.
ಆರನೆಯದರ ಚಕ್ರದಿಂದ ಧೂಳಿನೆಳೆ ಬಿಡಿಸಿ
ಒತ್ತದೆ ಹಾಗೆಯೇ ಮಲಗಿಸಿದ.
"ಇದು ಇರಲಿ. ಇದಕ್ಕೆ ದಾರಿ ಗೊತ್ತು."

ಮುಚ್ಚಳ ಹಾಕಿದೆ.
ವರ್ಷದ ಹತ್ತರಲ್ಲಿ ಐದು
ಇವತ್ತೇ ಖರ್ಚಾಗಿದ್ದವು.